ಸರ್ಕಾರಿ ಮೊಹರಿನ ದ್ರಾಕ್ಷಾಸವ

ನನ್ನ ನಾಲಿಗೆಯ ಮೇಲೆ ನನ್ನ ಹೆಂಡತಿಗೆ ನಂಬಿಕೆ ಹೋದದ್ದು ಚನ್ನಗಿರಿಯಲ್ಲಿ. ಅದಕ್ಕೆ ಮುಂಚೆ ಇತ್ತೆಂದು ನಾನು ಹೇಳುತ್ತೇನೆ, ಅವಳು ಒಪ್ಪುವುದಿಲ್ಲ.

ಆಗ ನಾನು ಹೊಸದಾಗಿ ಶೇಕದಾರನಾಗಿದ್ದೆ. ಹೋಬಳಿಯ ಕಂದಾಯ, ಪಹಣಿ, ಗಡಿಕಲ್ಲುಗಳ ಮೇಲೆ ಕಣ್ಣಿಡುವ ಕೆಲಸ. ಸೂರ್ಯ ಹುಟ್ಟುವುದೂ ನನ್ನ ರುಜು ಬಿದ್ದ ಮೇಲೆಯೇ ಎಂದು ಒಳಗೊಳಗೆ ನಂಬುವ ವಯಸ್ಸು. ಹೆಂಡತಿ ಹೊನ್ನಾಳಿಯ ಪಂಡಿತರ ಒಬ್ಬಳೇ ಮಗಳು. ಪಂಡಿತರು ಅಂದರೆ ಔಷಧಿಯ ಪಂಡಿತರು. ಅವರು ಕೊಡುವ ಚೂರ್ಣ, ಲೇಹ್ಯಗಳಿಗೆ ಹೊಳೆಯ ಆ ದಂಡೆಯಿಂದಲೂ ಜನ ಬರುತ್ತಿದ್ದರು. ಆದರೆ ಅವರಿಗೆ ಹೆಸರು ತಂದದ್ದು ದ್ರಾಕ್ಷಾಸವ.

ಅದನ್ನು ಮಾಡುವ ಬಗೆ ಕೇಳಲು ಸುಲಭ. ಒಣದ್ರಾಕ್ಷಿಯನ್ನು ಕುದಿಸಿ, ನೀರು ಕಾಲುಭಾಗಕ್ಕೆ ಇಳಿದ ಮೇಲೆ ಸೋಸಬೇಕು. ಬೆಲ್ಲ, ಜೇನುತುಪ್ಪ, ಏಲಕ್ಕಿ, ಲವಂಗ, ದಾಲ್ಚಿನ್ನಿ ಸೇರಿಸಬೇಕು. ಹುದುಗು ಎಬ್ಬಿಸಲು ಧಾತಕಿ ಎಂಬ ಒಣಗಿದ ಕೆಂಪು ಹೂವು ಹಾಕಬೇಕು. ಮಣ್ಣಿನ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಧಾನ್ಯದ ರಾಶಿಯಲ್ಲಿ ಹೂತಿಡಬೇಕು. ಆಮೇಲೆ ಏನೂ ಮಾಡಬಾರದು. ಕಷ್ಟವೆಲ್ಲ ಈ ಕೊನೆಯ ಮಾತಿನಲ್ಲಿದೆ. ದೊರೆಗಳ ಊಟದ ಮೇಜಿನಲ್ಲಿ ಇಂಥದ್ದಕ್ಕೆ ವೈನು ಎನ್ನುತ್ತಾರಂತೆ. ಮದ್ಯ ಎಂಬ ಮಾತು ಕಿವಿಗೆ ಬಿದ್ದರೂ ವಿಭೂತಿ ಹಚ್ಚಿಕೊಳ್ಳುವ ನಮ್ಮ ಮನೆತನದಲ್ಲಿ ಔಷಧಿ ಎನ್ನುತ್ತೇವೆ. ಅವರು ಗ್ಲಾಸಿನಲ್ಲಿ ಕುಡಿಯುತ್ತಾರೆ, ನಾವು ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಕುಡಿಯುತ್ತೇವೆ. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು.

ಚನ್ನಗಿರಿಯ ಮನೆಯಲ್ಲಿ ಅಡುಗೆಮನೆಯ ಮೂಲೆಯ ಭತ್ತದ ರಾಶಿಯೊಳಗೆ ಹೆಂಡತಿ ಒಂದು ಗಡಿಗೆ ಹೂತಳು. ತಿಂಗಳು ಮುಟ್ಟಬಾರದು ಎಂದಳು. ಹನ್ನೊಂದನೆಯ ದಿನ ಅವಳು ನೀರಿಗೆ ಹೋಗಿದ್ದಾಗ ನಾನು ಭತ್ತ ಸರಿಸಿ ಗಡಿಗೆಗೆ ಕಿವಿ ಹಚ್ಚಿದೆ. ಒಳಗೆ ಸುಯ್ ಸುಯ್ ಎಂಬ ಸದ್ದು. ಅದರ ಕ್ಷೇಮಸಮಾಚಾರ ವಿಚಾರಿಸುವುದು ಮನೆಯ ಯಜಮಾನನ ಕರ್ತವ್ಯವೆಂದು ಬಗೆದು ಮಣ್ಣು ಕೆರೆದೆ. ಒಂದು ಚಮಚೆ ರುಚಿ ನೋಡಿದೆ. ಒಂದೇ ಚಮಚೆಯಲ್ಲಿ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಇನ್ನೆರಡು ನೋಡಿದೆ. ಮತ್ತೆ ಬಟ್ಟೆ ಕಟ್ಟಿ ಹಿತ್ತಲಿನ ಮಣ್ಣು ತಂದು, ಕುಂಬಾರನೇ ಮೆಚ್ಚುವಂತೆ ಮೆತ್ತಿದೆ.

ತಿಂಗಳು ತುಂಬಿದ ದಿನ ಅವಳು ಗಡಿಗೆ ಹೊರಗೆ ತೆಗೆದು ಅದರ ಬಾಯಿಯನ್ನು ನೋಡುತ್ತ ಕುಳಿತಳು.

"ಎಷ್ಟನೇ ದಿನಕ್ಕೆ ತೆಗೆದ್ರಿ?"

"ಯಾವುದನ್ನ?"

"ನಾನು ಮೆತ್ತಿದ್ದು ಕೆರೆಯ ಕರಿಮಣ್ಣು. ಈಗ ಇರೋದು ಹಿತ್ಲ ಕೆಮ್ಮಣ್ಣು."

"ಒಳಗಿನದು ಹುದುಗಿದಾಗ ಮಣ್ಣೂ ಬಣ್ಣ ತಿರುಗಿರಬಹುದು."

"ಗಡಿಕಲ್ಲು ಕಿತ್ತು ಆಚೆಗಿಟ್ಟೋರು ನಿಮ್ಮ ಮುಂದೆ ಬಂದು ಹಿಂಗೇ ಹೇಳ್ತಾರೇನ್ರಿ?"

ಹಾಗೆಯೇ ಹೇಳುತ್ತಿದ್ದರು. ಗಡಿಗೆಯೊಳಗೆ ಗಾಳಿ ಹೊಕ್ಕು ಆಸವ ಹುಣಸೆಹಣ್ಣಿಗೂ ನಾಚಿಕೆಯಾಗುವಷ್ಟು ಹುಳಿಯಾಗಿತ್ತು. ಅವಳು ಬೈಯಲಿಲ್ಲ. ಅದರಲ್ಲಿ ಪಾತ್ರೆ ತಿಕ್ಕಿದಳು. ಆ ವರ್ಷ ನಮ್ಮ ಮನೆಯ ಹಿತ್ತಾಳೆ ಕೊಡಗಳು ಹೊಳೆದಷ್ಟು ಚನ್ನಗಿರಿಯಲ್ಲಿ ಇನ್ನಾರ ಮನೆಯ ಕೊಡವೂ ಹೊಳೆಯಲಿಲ್ಲ. ಪ್ರತಿದಿನ ಬೆಳಿಗ್ಗೆ ಆ ಕೊಡದಿಂದಲೇ ನನಗೆ ಮುಖ ತೊಳೆಯಲು ನೀರು.

ಮರುವರ್ಷ ಸಂಕ್ರಾಂತಿಗೆ ಹೊನ್ನಾಳಿಗೆ ಹೋದಾಗ ಮಾತು ಗಂಭೀರವಾಯಿತು. ಮಾವನವರಿಗೆ ಎಪ್ಪತ್ತು ದಾಟಿತ್ತು, ಗಂಡುಮಕ್ಕಳಿರಲಿಲ್ಲ. ಅವರ ಔಷಧಿಗಳನ್ನೆಲ್ಲ ಬರೆದಿಟ್ಟ ದಪ್ಪ ಪುಸ್ತಕವೊಂದಿತ್ತು. ಅದು ಅವರ ಅಣ್ಣನ ಮಗನಿಗೆ ಹೋಗುತ್ತದೆಂದು ಊರೇ ತೀರ್ಮಾನಿಸಿತ್ತು. ಈ ಭಾವ ನ್ಯಾಮತಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಬಾಯಿತುಂಬ ಎಲೆ-ಅಡಿಕೆ, ಬಾಯಿತುಂಬ ಮಾತು, ಒಳ್ಳೆಯ ಮನುಷ್ಯ. ಆದರೆ ಆ ಪುಸ್ತಕದ ಅರ್ಧಕ್ಕರ್ಧ ಅಕ್ಷರ ನನ್ನ ಹೆಂಡತಿಯದು. ಮದುವೆಗೆ ಮುಂಚೆ ಅಪ್ಪ ಹೇಳಿದ್ದನ್ನು ಬರೆದವಳು ಅವಳು, ಕುಟ್ಟಿದವಳು ಅವಳು, ಸೋಸಿದವಳು ಅವಳು. ಅದು ತನಗೆ ಬೇಕೆಂದು ಅಲ್ಲಿಯವರೆಗೆ ಬಾಯಿ ಬಿಟ್ಟು ಕೇಳಿರಲಿಲ್ಲ. ಆ ದಿನ ಕೇಳಿದಳು.

"ನೀನು ತಗಂಡು ಏನ್ ಮಾಡ್ತೀಯವ್ವ?" ಎಂದರು ಮಾವ. "ಅಳಿಯಂದ್ರಿಗೆ ವರ್ಷಕ್ಕೊಂದು ಊರು."

"ಊರು ಬದಲಾದ್ರೆ ರೋಗ ಬದಲಾಗ್ತಾವೇನಪ್ಪ?"

ಭಾವ ನಕ್ಕ. "ತಂಗಿ, ನಿನ್ನ ಆಸವದಾಗೆ ಕೊಡ ಬೆಳಗಿದ್ರಂತಲ್ಲ, ಸುದ್ದಿ ನ್ಯಾಮತಿಗೂ ಬಂದೈತೆ."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಮಾವ ಸ್ವಲ್ಪ ಹೊತ್ತು ಎಲೆಯ ತೊಟ್ಟು ಮುರಿಯುತ್ತ ಕೂತರು. ಆಮೇಲೆ, "ಇಬ್ರೂ ಒಂದೊಂದು ಸೀಸೆ ದ್ರಾಕ್ಷಾಸವ ಮಾಡಿ ತರ್ರಿ. ಬರೋ ದೀಪಾವಳಿಗೆ ರುಚಿ ನೋಡ್ತೀನಿ. ಪುಸ್ತಕ ಓದಾಕೆ ಬಂದೋರಿಗಲ್ಲ, ಕಾಯಾಕೆ ಬಂದೋರಿಗೆ" ಎಂದರು.

ಅಷ್ಟರಲ್ಲಿ ನನಗೆ ಜಗಳೂರಿಗೆ ವರ್ಗವಾಗಿತ್ತು. ಯುದ್ಧದ ವರ್ಷಗಳು. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ. ಅಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟವಳು ಒಬ್ಬ ವಿಧವೆ ಗೌಡತಿ. ನೂರಾರು ಕುರಿ, ದೊಡ್ಡ ಹೊಲ, ಅದಕ್ಕಿಂತ ದೊಡ್ಡ ದನಿ. ಅವಳ ಅಂಗಳದ ನೆಲದೊಳಗೆ ರಾಗಿ ತುಂಬಿಡುವ ಹಗೇವು ಇತ್ತು. ಬಾವಿಯಂಥ ಗುಂಡಿ, ಮನುಷ್ಯ ಇಳಿಯುವಷ್ಟೇ ಸಣ್ಣ ಬಾಯಿ. ಸುಗ್ಗಿಯಾದ ಮೇಲೆ ತುಂಬಿ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಶ್ರಾವಣದವರೆಗೆ ಯಾರೂ ತೆಗೆಯುವುದಿಲ್ಲ.

ಜಗಳೂರಿಗೆ ಬಂದ ಮೇಲೆ ಹೆಂಡತಿ ಆಸವದ ಮಾತೇ ಎತ್ತಲಿಲ್ಲ. ನಾನು ಒಂದೆರಡು ಸಲ ಜ್ಞಾಪಿಸಿದೆ. "ಮಾಡಿದ್ರಾಯ್ತು ಬಿಡ್ರಿ, ಇನ್ನೂ ದಿನ ಐತಲ್ಲ" ಎಂದಳು. ಗೌಡತಿಯ ಅಡುಗೆಮನೆಯಿಂದ ಕೆಲವು ದಿನ ಬೆಲ್ಲ, ಏಲಕ್ಕಿಯ ವಾಸನೆ ಬಂತು. ಹಬ್ಬದ ಸಿಹಿಯಿರಬೇಕೆಂದುಕೊಂಡೆ. ಅದು ಯಾವ ಹಬ್ಬವೆಂದು ವಿಚಾರಿಸಲಿಲ್ಲ. ಶಿವರಾತ್ರಿಯ ಮುಂದೆ ನಾನು ಸೊಕ್ಕೆಯ ಕಡೆ ನಾಲ್ಕು ದಿನ ತಪಾಸಣೆಯ ಸರ್ಕೀಟು ಹೋಗಿ ಬಂದೆ. ಆ ಹೊತ್ತಿನಲ್ಲಿ ಗೌಡತಿ ಹಗೇವು ತುಂಬಿಸಿದ್ದಳು.

ಜ್ಯೇಷ್ಠದಲ್ಲಿ ಮೇಲಿನಿಂದ ಹುಕುಂ ಬಂತು. ದಾಸ್ತಾನಿರುವ ಹಗೇವುಗಳನ್ನು ಮೊಹರು ಮಾಡತಕ್ಕದ್ದು, ಸರ್ಕಾರಕ್ಕೆ ಅಳೆಯಬೇಕಾದ ಲೆವಿಯ ಧಾನ್ಯ ಗೊತ್ತುಮಾಡುವವರೆಗೆ ಯಾರೂ ತೆಗೆಯತಕ್ಕದ್ದಲ್ಲ. ಬೇರೆಯವರಿಗೆ ಮೇಲ್ಪಂಕ್ತಿಯಾಗಲೆಂದು ನಾನು ನನ್ನ ಮನೆಯೊಡತಿಯ ಅಂಗಳದಿಂದಲೇ ಶುರುಮಾಡಿದೆ. ಅರಗು ಕರಗಿಸಿದ್ದಾಯಿತು, ನೂಲು ಕಟ್ಟಿದ್ದಾಯಿತು. ಗೌಡತಿ ಸೆರಗು ಬಿಗಿದುಕೊಂಡು ಅಡ್ಡ ಬಂದಳು.

"ಸಾಹೇಬ್ರೇ, ಒಂದು ಗಳಿಗೆ ತಡೀರಿ. ನಿಮ್ಮನಿಯಮ್ಮಾರನ್ನ ಒಂದು ಮಾತು ಕೇಳಿ ಒತ್ತಿರಿ."

ನಾನು ಪೇಟ ಸರಿಪಡಿಸಿಕೊಂಡೆ. "ನೋಡಮ್ಮ, ಸರ್ಕಾರದ ಕೆಲಸದಲ್ಲಿ ಮನೆಯವರನ್ನ ಕೇಳೋ ಪದ್ಧತಿ ಇಲ್ಲ."

"ಹಂಗಾದ್ರೆ ಒತ್ತಿರಪ್ಪ. ನಿಮ್ಮ ಪದ್ಧತಿ, ನಿಮ್ಮ ಹಣೇಬರ" ಎಂದು ಗೌಡತಿ ದಾರಿ ಬಿಟ್ಟಳು.

ಮಧ್ಯಾಹ್ನ ಊಟಕ್ಕೆ ಕೂತು ಈ ಸಾಹಸವನ್ನು ಹೆಂಡತಿಗೆ ವರ್ಣಿಸಿದೆ. ಅರಗಿನಲ್ಲಿ ಗಂಡಭೇರುಂಡದ ಗುರುತು ಮೂಡಿದ ಬಗೆಯನ್ನು ಹೇಳುತ್ತಿದ್ದಾಗ ಅವಳು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಯಾವ ಹಗೇವು?"

"ಅಂಗಳದ್ದು. ಇನ್ನು ಆ ದಿವಾನರೇ ಬಂದರೂ ತೆಗೆಯೋ ಹಾಗಿಲ್ಲ."

"ಅದರಾಗೆ ನನ್ನ ಗಡಿಗೆ ಐತೆ."

ಅವಳು ನಿಧಾನವಾಗಿ ಹೇಳಿದಳು. ಗೌಡತಿಯ ಅಡುಗೆಮನೆಯಲ್ಲಿ ಆಸವ ಹೂಡಿದ್ದಳು. ಮೊದಲ ಕುದಿ ಇಳಿದು ಸದ್ದು ಅಡಗಿದ ಮೇಲೆ, ನಾನು ಸೊಕ್ಕೆಗೆ ಹೋಗಿದ್ದಾಗ, ರಾಗಿಯ ನಡುವೆ ಗಡಿಗೆ ಇಳಿಸಿದ್ದಳು. ಶ್ರಾವಣಕ್ಕೆ ತೆಗೆದು ದೀಪಾವಳಿಗೆ ಒಯ್ಯುವುದೆಂದು ಲೆಕ್ಕ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಹನ್ನೊಂದನೇ ದಿನಕ್ಕೆ ಹಗೇವಿನಾಗೆ ಇಳೀತಿದ್ರಿ."

"ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತೆ ಕಣೆ, ಇಳಿದೋರು ಸಾಯ್ತಾರೆ."

"ಅದಕ್ಕೇ ಹೇಳ್ಲಿಲ್ಲ" ಎಂದಳು.

ಮರುದಿನ ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರ ಮುಂದೆ ನಿಂತೆ. ಅರ್ಜಿಯನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೆ. 'ಸದರಿ ಹಗೇವಿನಲ್ಲಿ ಅರ್ಜಿದಾರನ ಹೆಂಡತಿಯ ಆಸವವಿದ್ದು' ಎಂಬಲ್ಲಿಗೆ ಬಂದಾಗಲೆಲ್ಲ ಅಬಕಾರಿ ಇಲಾಖೆಯವರ ಮುಖ ಕಣ್ಣಿಗೆ ಬರುತ್ತಿತ್ತು. ಕೊನೆಗೆ ಬಾಯಲ್ಲೇ ಕೇಳಿದೆ: ಹಗೇವಿನಲ್ಲಿ ಧಾನ್ಯವಲ್ಲದ ವಸ್ತು ಏನಾದರೂ ಉಳಿದಿದ್ದರೆ ಏನು ಕ್ರಮ?

"ಮೊಹರು ಮಾಡುವಾಗ ವಿಚಾರಿಸಬೇಕಾದ್ದು ಶೇಕದಾರನ ಕರ್ತವ್ಯ" ಎಂದರು ಅಮಲ್ದಾರರು. "ಯಾವನ್ರೀ ಆ ಶೇಕದಾರ?"

ನಾನು ನಮಸ್ಕಾರ ಮಾಡಿ ಹೊರಗೆ ಬಂದೆ.

ಮೊಹರು ನನ್ನದೇ, ನಾನೇ ಮುರಿದು ನಾನೇ ಒತ್ತುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಅಂಗಳದ ಕಡೆ ನೋಡಿದಳು.

"ಬ್ಯಾಡ. ಒಂದ್ಸಲ ಮುರಿದು ಮೆತ್ತಿದ್ದು ನೋಡೀನಲ್ಲ. ಇರ್ಲಿ ಬಿಡ್ರಿ. ಅದು ಒಳಗಿರೋದು, ನೀವು ಹೊರಗಿರೋದು, ಇಬ್ರಿಗೂ ಒಳ್ಳೇದು."

ತಮಾಷೆಯಾಗಿಯೇ ಅಂದಳು. ಆದರೆ ಆ ಸಂಜೆ ಅಪ್ಪನಿಗೆ ಕಾಗದ ಬರೆಯಲು ಕೂತವಳು ಶಾಯಿ ಒಣಗುವವರೆಗೆ ಒಂದು ಸಾಲೂ ಬರೆಯಲಿಲ್ಲ.

ಮೊಹರು ತೆಗೆಯುವ ಹುಕುಂ ಬರಲೇ ಇಲ್ಲ, ದೀಪಾವಳಿಗೆ ಬರಿಗೈಯಲ್ಲಿ ಹೊನ್ನಾಳಿಗೆ ಹೋದೆವು. ಮಾವ ಎಂಟು ದಿನದಿಂದ ಎಲೆ-ಅಡಿಕೆ ಬಿಟ್ಟಿದ್ದರು. ಆಸವದ ರುಚಿ ನೋಡುವವನ ನಾಲಿಗೆ ಮೇಲೆ ಸುಣ್ಣ, ಕಾಚು ಇರಬಾರದೆಂಬುದು ಅವರ ನಿಯಮ. ಸಂತೇಬೆನ್ನೂರಿನಿಂದ ಅಡಿಕೆ ತರಿಸಿ, ಸ್ನಾನಕ್ಕೆ ಹೋಗುವಾಗಲೂ ದವಡೆಯಲ್ಲಿಟ್ಟುಕೊಂಡು ಹೋಗುವ ಮನುಷ್ಯ. ಎಂಟು ದಿನದಲ್ಲಿ ಮುಖ ಅರ್ಧವಾಗಿತ್ತು. ಮಾತಿಗೆ ಮುಂಚೆ ಕೈ ತಾನಾಗಿ ಎಲೆತಟ್ಟೆ ಇರುತ್ತಿದ್ದ ಜಾಗಕ್ಕೆ ಹೋಗಿ ಬರುತ್ತಿತ್ತು.

ಭಾವನ ಸೀಸೆ ಹೊತ್ತಿಗೆ ಸರಿಯಾಗಿ ಬಂದಿತ್ತು. ನೋಡಲು ಮಾಣಿಕ್ಯದ ಬಣ್ಣ. ಮಾವ ಬೆಳ್ಳಿಯ ಒಳಲೆಯಲ್ಲಿ ತೆಗೆದುಕೊಂಡು ಬಾಯಿಯಲ್ಲಿ ಹೊರಳಿಸಿ ನುಂಗಿದರು.

"ಚೆನ್ನಾಗೈತೆ. ಎಷ್ಟು ದಿನ ಇಟ್ಟಿದ್ದೆ?"

"ತಿಂಗಳು ಇಟ್ಟಿದ್ದೆ ಚಿಕ್ಕಪ್ಪ."

"ಎಷ್ಟು ದಿನ?"

"ಇಪ್ಪತ್ತೊಂದು" ಎಂದ ಭಾವ. "ಅಂಗಡಿ ಜನ ಕೇಳ್ತಾರೆ, ಏನ್ ಮಾಡಾಕಾಗ್ತದೆ? ಬಣ್ಣಕ್ಕೆ ಒಂದಿಷ್ಟು ಸಕ್ಕರೆ ಸುಟ್ಟು ಹಾಕೀನಿ."

"ಅದೂ ಗೊತ್ತಾತು" ಎಂದರು ಮಾವ.

ಆಮೇಲೆ ಮಗಳ ಕಡೆ ತಿರುಗಿದರು. ಅವಳು ನನ್ನ ಮೇಲೆ ತಪ್ಪು ಹೊರಿಸದೆ, "ಹಗೇವಿನಾಗೆ ಐತಪ್ಪ, ಸರ್ಕಾರ ಬಾಗಿಲು ಹಾಕೈತೆ" ಎಂದಷ್ಟೇ ಹೇಳಿದಳು. ಸರ್ಕಾರ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿತ್ತು.

ಪುಸ್ತಕವನ್ನು ಅಂದೇ ಭಾವನಿಗೆ ಕೊಡುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಗಡುವು ಅವರೇ ಹಾಕಿದ್ದು. ಮಾವ ಒಳಲೆ ತೊಳೆದಿಡಲು ಹೇಳಿದರು. ಅತ್ತೆ ಎಲೆತಟ್ಟೆ ತಂದು ಮುಂದಿಟ್ಟರು. ಅವರು ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿನಿಂದ ಆಚೆಗೆ ತಳ್ಳಿದರು.

"ಒಳಗಿಡು. ಇನ್ನೂ ಒಂದು ಬರಬೇಕು."

ಆ ಒಂದು ಬರಲು ಇನ್ನೂ ಐದು ತಿಂಗಳು ಬೇಕಾಯಿತು. ಅಷ್ಟು ದಿನವೂ ಅವರು ಎಲೆ ಮುಟ್ಟಲಿಲ್ಲವೆಂದು ಅತ್ತೆ ಬರೆಸಿದ ಕಾಗದಗಳಿಂದ ತಿಳಿಯುತ್ತಿತ್ತು. 'ನಿಮ್ಮ ಮಾವನವರು ಮೂರು ಹೊತ್ತೂ ಸಿಡುಕುತ್ತಾರೆ, ಹಗೇವು ಬೇಗ ತೆಗೆಸಿರಿ' ಎಂಬ ಒಂದೇ ಸಮಾಚಾರ. ಹೆಂಡತಿ ಪ್ರತಿ ಕಾಗದವನ್ನೂ ಎರಡು ಸಲ ಓದಿ ಮಡಿಸಿಡುತ್ತಿದ್ದಳು. ಗಡಿಗೆ ಒಳಗೇ ಒಡೆದಿದ್ದರೆ? ಹುಳಿಯಾಗಿದ್ದರೆ? ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಬೆಳಿಗ್ಗೆ ಅಂಗಳ ಸಾರಿಸುವಾಗ ಚಪ್ಪಡಿಯ ಹತ್ತಿರ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ನಾನೂ ಕಚೇರಿಗೆ ಹೊರಡುವ ಮುನ್ನ ದಿನವೂ ಮೊಹರನ್ನು ಪರೀಕ್ಷಿಸುತ್ತಿದ್ದೆ. ತಾಲ್ಲೂಕಿನಲ್ಲಿ ಅಷ್ಟು ನಿಷ್ಠೆಯಿಂದ ಕಾಯಲ್ಪಟ್ಟ ಮೊಹರು ಇನ್ನೊಂದಿಲ್ಲ.

ಯುಗಾದಿ ಕಳೆದ ವಾರ ಹಗೇವು ತೆಗೆಯಲು ಹುಕುಂ ಬಂತು. ಅಮಲ್ದಾರರೇ ಖುದ್ದಾಗಿ ಬಂದರು. ಮೊಹರು ಒಡೆದು, ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದರು. ಮೊದಲ ಸಲ ದೀಪ ಆರಿತು. ಎರಡನೆಯ ಸಲ ಉರಿಯಿತು. ಆಳು ಇಳಿದ. ಪುಟ್ಟಿ ಪುಟ್ಟಿ ರಾಗಿ ಮೇಲೆ ಬಂತು. ಹತ್ತನೆಯದೋ ಹನ್ನೊಂದನೆಯದೋ ಪುಟ್ಟಿಯಲ್ಲಿ ಗಡಿಗೆ ಬಂತು. ಒಡೆದಿರಲಿಲ್ಲ.

"ಇದೇನ್ರಿ?" ಎಂದರು ಅಮಲ್ದಾರರು.

"ಔಷಧಿ, ಸ್ವಾಮಿ" ಎಂದಳು ಗೌಡತಿ. "ಶೇಕದಾರ್ರ ಮನಿಯಮ್ಮಾರ್ದು."

ಅಮಲ್ದಾರರು ಒಡೆದ ಅರಗಿನ ಮೇಲಿದ್ದ ಗುರುತು ನೋಡಿದರು, ನನ್ನನ್ನು ನೋಡಿದರು, ಗಡಿಗೆ ನೋಡಿದರು. "ಆ ಶೇಕದಾರ ಸಿಕ್ಕಿದನಲ್ಲ" ಎಂದರು. ಪಂಚನಾಮೆಯಲ್ಲಿ 'ಮಣ್ಣಿನ ಗಡಿಗೆ ಒಂದು, ಔಷಧಿ' ಎಂದು ಬರೆಸಿ ಮುಂದಕ್ಕೆ ನಡೆದರು. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಮರೆಯಲು ಅವರೂ ಬಿಡಲಿಲ್ಲ.

ಗಡಿಗೆಯನ್ನು ಎರಡು ದಿನ ಅಲುಗಿಸದೆ ಇಟ್ಟಳು. ಮೂರನೆಯ ದಿನ ಬಾಯಿ ಬಿಚ್ಚಿ ಉರಿಯುವ ಕಡ್ಡಿಯನ್ನು ಒಳಗೆ ಹಿಡಿದಳು. ಹಗೇವಿಗೆ ಲಾಟೀನು ಹಿಡಿದ ಹಾಗೆಯೇ. ಕಡ್ಡಿ ಆರಲಿಲ್ಲ, ಹುದುಗು ಮುಗಿದಿದೆ ಎಂದರ್ಥವಂತೆ. ಆಮೇಲೆ ಬಸಿಯುವ ಕೆಲಸ. ತಳದಲ್ಲಿ ಕೂತ ಗಸಿ ಏಳಬಾರದು. ಗಡಿಗೆಯನ್ನು ಕೈಯಿಂದ ಎತ್ತಿ ಬಗ್ಗಿಸುವಂತಿಲ್ಲ. ಅವಳು ಗಡಿಗೆಯನ್ನು ರಾಗಿಯ ಗುಡ್ಡೆಯ ಮೇಲೆ ಕೂಡಿಸಿ, ಅದರ ತಳಕ್ಕೆ ಒಂದು ಪಕ್ಕದಿಂದ ಒಂದೊಂದೇ ಹಿಡಿ ರಾಗಿ ಸೇರಿಸುತ್ತ ಬಂದಳು. ಹಿಡಿ ರಾಗಿಗೆ ಗಡಿಗೆ ಎಳ್ಳಿನಷ್ಟು ವಾಲುತ್ತಿತ್ತು. ಕೆಳಗೆ ಪಿಂಗಾಣಿಯ ಭರಣಿ, ಭರಣಿಯ ಬಾಯಿಗೆ ಮೂರು ಪದರದ ಬಟ್ಟೆ, ಬಟ್ಟೆ ಹಿಡಿಯಲು ನಾನು. ಮಾತಾಡಕೂಡದು, ಸೀನಕೂಡದು, ಮೂಗು ಮುಂದೆ ತರಕೂಡದು. ಬೆಳಗಿನ ತಿಂಡಿಗೆ ಶುರುವಾದದ್ದು ನಡುಮಧ್ಯಾಹ್ನಕ್ಕೆ ಮುಗಿಯಿತು. ಜೇನಿನ ಬಣ್ಣದ ಎಳೆ ಸದ್ದಿಲ್ಲದೆ ಇಳಿಯುತ್ತಿತ್ತು. ಗಸಿ ಕಂಠಕ್ಕೆ ಬಂತೆನ್ನುವಾಗ ಅವಳು ಕೈ ತಡೆದಳು.

"ಇನ್ನೂ ಐತಲ್ಲ?" ಎಂದೆ. ಆ ದಿನದ ನನ್ನ ಮೊದಲ ಮಾತು.

"ಅದು ಗಡಿಗೆ ಪಾಲು."

"ನನ್ನ ಪಾಲು?"

"ನಿಮ್ದು ಚನ್ನಗಿರಿಯಾಗೇ ತಗಂಡೀರಿ."

ಸೀಸೆಯನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅವಳು ಬಸ್ಸಿನಲ್ಲಿ ಕೂತಳು. ಇದ್ದಿಲು ಉರಿಸಿ ಓಡುವ ಬಸ್ಸು. ದಿಣ್ಣೆ ಕಂಡಲ್ಲೆಲ್ಲ ಎಲ್ಲರೂ ಇಳಿದು ತಳ್ಳಬೇಕು. ಅವಳೊಬ್ಬಳು ಇಳಿಯಲಿಲ್ಲ. "ಕೂಸು ಮಲಗೈತೇನಮ್ಮ?" ಎಂದು ಕಂಡಕ್ಟರ್ ಕೇಳಿದ. ಹೌದೆಂದು ತಲೆಯಾಡಿಸಿದಳು.

ನನಗೆ ನಾಲ್ಕು ದಿನದ ರಜೆ. ಮಾವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಗೂಡಿನಲ್ಲಿಟ್ಟರು. "ಅಷ್ಟು ದೂರದಿಂದ ಬಂದೈತೆ, ದಣಿದಿರ್ತದೆ. ಮೂರು ದಿನ ಕೂತ್ಕಳ್ಳಲಿ" ಎಂದರು. ನನ್ನ ರಜೆಯ ವಿಷಯ ಹೇಳಿದೆ. "ಸರ್ಕಾರ ಕಾಯ್ತದೆ ಬಿಡ್ರಿ ಅಳಿಯಂದ್ರೇ, ಕಾಯೋದು ನಮಗೆ ಕಲಿಸಿದ್ದೇ ಅವರಲ್ಲವಾ" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತರು. ನ್ಯಾಮತಿಯಿಂದ ಭಾವನೂ ಬಂದು ಬಾಗಿಲ ಹತ್ತಿರ ಎಲೆ ಮೆಲ್ಲುತ್ತ ಕೂತಿದ್ದ. ಮಾವ ಒಳಲೆಯಲ್ಲಿ ಸ್ವಲ್ಪ ತೆಗೆದು ಮೂಸಿದರು, ಕೆಳಗಿಟ್ಟರು. ಮತ್ತೆ ಮೂಸಿದರು. ತುದಿನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಆಮೇಲೆ ಒಂದು ಒಳಲೆ ಬಾಯಿಗೆ ಹಾಕಿಕೊಂಡರು. ಭಾವ ಮೆಲ್ಲುವುದನ್ನು ನಿಲ್ಲಿಸಿದ. ಹೆಂಡತಿ ಗೋಡೆಗೆ ಒರಗಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಮಾವ ನುಂಗಿದರು. ಕಣ್ಣು ತೆರೆದರು. ಅವರ ಕೈ ತಾನಾಗಿ ಬಲಕ್ಕೆ ಹೋಯಿತು.

"ಎಲೆತಟ್ಟೆ ಎಲ್ಲೈತೆ?"

ಅತ್ತೆ ಒಳಗೆ ಓಡಿದರು, ಒಳಗಿನಿಂದಲೇ, "ಅಯ್ಯೋ ಶಿವನೇ, ಮನಿಯಾಗೆ ಒಂದು ಎಲೆಯೂ ಇಲ್ಲ!" ಎಂದು ಕೂಗಿದರು. ಐದು ತಿಂಗಳಿಂದ ಯಾರು ತರುತ್ತಾರೆ? ಆಗ ಭಾವ ಎದ್ದು ಬಂದ. ಸೊಂಟದಿಂದ ತನ್ನ ಎಲೆಸಂಚಿ ಬಿಚ್ಚಿ, ಚಿಕ್ಕಪ್ಪನ ಮುಂದೆ ಮಂಡಿಯೂರಿ ಕೂತು, ಒಳ್ಳೆಯ ಎರಡು ಎಲೆ ಆರಿಸಿ, ತಾನೇ ಸುಣ್ಣ ಸವರಿ, ಅಡಿಕೆ ಇಟ್ಟು ಕೊಟ್ಟ.

"ನನ್ನ ಸೀಸೆಗೆ ಇದು ಸಿಗಲಿಲ್ಲ ನೋಡು ತಂಗಿ" ಎಂದ. "ಇಪ್ಪತ್ತೊಂದು ದಿನಕ್ಕೆ ಎಷ್ಟು ಸಿಗಬೇಕೋ ಅಷ್ಟೇ."

ಹೆಂಡತಿ ಆಗ ಗೋಡೆಯ ಗೂಡಿನಲ್ಲಿ ಏನನ್ನೋ ಹುಡುಕತೊಡಗಿದಳು. ಆ ಗೂಡಿನಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ಹುಡುಕಿದಳು.

ಮಾವ ಎಲೆ ಮೆಲ್ಲುತ್ತ ಪುಸ್ತಕ ತರಿಸಿ ಮಗಳ ಕೈಗೆ ಕೊಟ್ಟರು. ಉಪಚಾರದ ಮಾತೊಂದೂ ಇಲ್ಲ. ದ್ರಾಕ್ಷಾಸವದ ಪುಟ ತೆಗೆಯಲು ಹೇಳಿದರು. 'ಧಾನ್ಯರಾಶಿಯಲ್ಲಿ ಒಂದು ತಿಂಗಳು' ಎಂದು ಅವಳದೇ ಹುಡುಗಿಯ ಅಕ್ಷರವಿತ್ತು.

"ಅದನ್ನ ಹೊಡೆದು ಹಾಕು. ಹದಿಮೂರು ತಿಂಗಳು ಅಂತ ಬರಿ."

ಬರೆದಳು.

"ಯಾಕೆ ಹದಿಮೂರು ತಿಂಗಳು ನಿಲ್ತು, ಅದನ್ನೂ ಬರಿ. ಮುಂದೆ ಮಾಡೋರಿಗೆ ಗೊತ್ತಾಗಬ್ಯಾಡವಾ?"

ಅವಳು ಒಂದು ಸಲ ನನ್ನ ಕಡೆ ನೋಡಿ, ಏಲಕ್ಕಿ, ಲವಂಗ, ದಾಲ್ಚಿನ್ನಿಗಳ ಸಾಲಿನ ಕೆಳಗೆ ಅಷ್ಟೇ ಗಾಂಭೀರ್ಯದಿಂದ ಬರೆದಳು: 'ಸರ್ಕಾರಿ ಮೊಹರು, ಒಂದು. ಗಡಿಗೆ ಇರುವ ಜಾಗವನ್ನು ಯಜಮಾನರಿಗೆ ತಿಳಿಸತಕ್ಕದ್ದಲ್ಲ.'

ಮಾವ ಓದಿ, ಸರಿಯಾಗಿದೆ ಎಂದು ತಲೆದೂಗಿ, ರುಜು ಮಾಡಲು ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಓದದೆ ರುಜು ಹಾಕುವ ಅಭ್ಯಾಸ ನನಗಿಲ್ಲ. ಓದಿಯೇ ಹಾಕಿದೆ.